‘ಚೆಕ್’ ಪದದ ವಂಶಾವಳಿ

ಇಂಗ್ಲಿಷಿನ ‘ಚೆಕ್’ ಪದ ಕನ್ನಡದ ದಿನಬಳಕೆಗೆ ಹಲವು ಬಾಗಿಲುಗಳಿಂದ ಬಂದು ಸೇರಿದೆ. ಬ್ಯಾಂಕಿನಲ್ಲಿ ಅದು ಹಣ ಕೊಡಿಸುವ ಹಾಳೆ, ಬಟ್ಟೆ ಅಂಗಡಿಯಲ್ಲಿ ಚೌಕಳಿ ಅಂಗಿ. ಹೆದ್ದಾರಿಯಲ್ಲಿ ಲಾರಿಗಳನ್ನು ನಿಲ್ಲಿಸುವ ಪೋಸ್ಟಿಗೂ, ಹಳ್ಳದಲ್ಲಿ ನೀರು ತಡೆಯುವ ಡ್ಯಾಮಿಗೂ ಅದೇ ಹೆಸರು. ಬಿ.ಪಿ. ನೋಡುವುದೂ ಚೆಕ್, ಗ್ಯಾಸ್ ಆರಿಸಿದೆಯೇ ಎಂದು ಮತ್ತೊಮ್ಮೆ ಒಳಗೆ ಹೋಗಿ ನೋಡುವುದೂ ಚೆಕ್. ಚದುರಂಗದ ಮಣೆಯ ಮೇಲೆ ಎದುರಾಳಿಯ ರಾಜನಿಗೆ ಗುರಿಯಿಟ್ಟಾಗ ಕೇಳುವ ಮಾತೂ ಅದೇ. ಇಷ್ಟು ದೂರ ದೂರದ ಸಂಗತಿಗಳಿಗೆ ಒಂದೇ ಸದ್ದು ಸಿಕ್ಕಿರುವುದು ಆಕಸ್ಮಿಕವೆಂದೇ ಮೊದಲಿಗೆ ತೋರುತ್ತದೆ. ಹಣದ ಚೆಕ್ಕಿಗೆ ಇಂಗ್ಲೆಂಡಿನಲ್ಲಿ ಕಾಗುಣಿತವೂ ಬೇರೆಯಾಗಿರುವುದರಿಂದ ಈ ಅನಿಸಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಇವೆಲ್ಲವೂ ಒಂದೇ ಪದ. ಪಟ್ಟಿಯ ಕೊನೆಯಲ್ಲಿ ಬಂದ ಚದುರಂಗದ ಅರ್ಥವೇ ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಉಳಿದವೆಲ್ಲ ಆ ಮಣೆಯಿಂದಲೇ ಇಳಿದು ಬಂದವು.

ಚದುರಂಗದ ಹುಟ್ಟು ಭಾರತದಲ್ಲಿ ಆಯಿತೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಆಟಕ್ಕೆ ಚತುರಂಗ ಎಂದು ಹೆಸರಾಯಿತು. ಕ್ರಿಸ್ತಶಕ ಆರನೆಯ ಶತಮಾನದ ಹೊತ್ತಿಗೆ ಅದು ಪರ್ಶಿಯಾ ತಲುಪಿ ‘ಚತ್ರಂಗ್’ ಆಯಿತು, ಅಲ್ಲಿಂದ ಅರಬರ ಕೈಸೇರಿ ‘ಶತ್ರಂಜ್’ ಆಯಿತು. ಹುಟ್ಟಿದ ನೆಲದಲ್ಲೂ ಆಟ ಬೆಳೆಯುತ್ತಲೇ ಇತ್ತು. ಇಂದಿನ ಬಸವಕಲ್ಯಾಣದಿಂದ ಆಳಿದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದ ಐದನೆಯ ಭಾಗ ಕ್ರೀಡೆಗಳಿಗೆ ಮೀಸಲು, ಅದರಲ್ಲಿ ಚದುರಂಗದ ವಿವರಣೆಯೂ ಇದೆ. ಭಾರತೀಯ ಚದುರಂಗದ ಇತಿಹಾಸ ಬರೆಯುವವರು ಅಗತ್ಯವಾಗಿ ನೋಡಬೇಕಾದ ಗ್ರಂಥಗಳಲ್ಲಿ ಅದೂ ಒಂದು.

ಪರ್ಶಿಯಾದಲ್ಲಿ ಆಟದ ಹೆಸರಿನೊಂದಿಗೆ ಮಣೆಯ ಮೇಲಿನ ಒಂದು ಪದ್ಧತಿಯೂ ರೂಢಿಗೆ ಬಂತು. ಎದುರಾಳಿಯ ರಾಜ ತನ್ನ ಕಾಯಿಯ ಹೊಡೆತಕ್ಕೆ ಸಿಕ್ಕಿದಾಗ ಆಟಗಾರ ಸುಮ್ಮನಿರದೆ ‘ಶಾಹ್!’ ಎಂದು ಕೂಗಿ ಎಚ್ಚರಿಸುತ್ತಿದ್ದ. ಶಾಹ್ ಎಂದರೆ ರಾಜ. ವಿಜಯಪುರದ ಆದಿಲ್ ಶಾಹಿ, ಮೊಘಲರ ಬಾದಶಾಹ, ಇರಾನಿನ ಕೊನೆಯ ದೊರೆಗಳವರೆಗೂ ಉಳಿದುಬಂದ ಷಾ, ಎಲ್ಲವೂ ಈ ಪದವೇ. ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದಾಗ ‘ಶಾಹ್ ಮಾತ್’ ಎನ್ನುತ್ತಿದ್ದರು. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ ಎಂಬ ಅರ್ಥವಿರುವುದರಿಂದ ಇದನ್ನು ‘ರಾಜ ಸತ್ತ’ ಎಂದು ವಿವರಿಸುವುದು ಹಳೆಯ ರೂಢಿ. ಆದರೆ ಪರ್ಶಿಯನ್ನಿನ ‘ಮಾತ್’ಗೆ ದಿಕ್ಕುಗೆಟ್ಟ, ನಿರುಪಾಯನಾದ ಎಂಬ ಅರ್ಥವಿದೆ, ಆಟಕ್ಕೆ ಒಪ್ಪುವುದೂ ಅದೇ. ಚದುರಂಗದಲ್ಲಿ ಉಳಿದ ಯಾವ ಕಾಯಿಯನ್ನಾದರೂ ಕೊಂದು ಮಣೆಯಿಂದ ಹೊರಗೆ ಹಾಕಬಹುದು, ರಾಜನನ್ನು ಮಾತ್ರ ಕೊಲ್ಲುವುದಿಲ್ಲ. ಅವನು ಕದಲಲಾಗದೆ ನಿಂತಲ್ಲಿಗೆ ಆಟ ಮುಗಿಯುತ್ತದೆ. ಈ ‘ಶಾಹ್ ಮಾತ್’ ಇಂಗ್ಲಿಷಿನಲ್ಲಿ ‘ಚೆಕ್‌ಮೇಟ್’ ಆಯಿತು, ರಷ್ಯನ್ನಿನಲ್ಲಿ ಇಡೀ ಆಟಕ್ಕೇ ‘ಶಾಹ್ಮತಿ’ ಎಂಬ ಹೆಸರಾಗಿ ನಿಂತಿತು.

ಶಾಹ್ ಪದದ ಹಿಂದಿನ ಹೆಜ್ಜೆಗಳನ್ನೂ ಹಿಡಿಯಬಹುದು. ಕ್ರಿಸ್ತಪೂರ್ವದಲ್ಲಿ ಪರ್ಶಿಯಾವನ್ನು ಆಳಿದ ಅಕೆಮೆನಿಡ್ ದೊರೆಗಳ ಶಾಸನಗಳಲ್ಲಿ ಅದರ ರೂಪ ‘ಖ್ಶಾಯಥಿಯ’. ಆಳು ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿದೆ, ಅದೇ ಧಾತು ಸಂಸ್ಕೃತದಲ್ಲಿ ‘ಕ್ಷತ್ರ’ಕ್ಕೂ ‘ಕ್ಷತ್ರಿಯ’ಕ್ಕೂ ಮೂಲ. ಪರ್ಶಿಯನ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದ ಶಾಖೆಗಳಾದ್ದರಿಂದ ಇದು ಎರವಲಲ್ಲ, ರಕ್ತಸಂಬಂಧ. ಹೀಗಾಗಿ ಶಾಲೆಯ ಇತಿಹಾಸ ಪುಸ್ತಕದ ‘ಕ್ಷತ್ರಪ’ರೂ ಬ್ಯಾಂಕಿನ ಚೆಕ್ಕೂ ಪದಗಳ ಲೆಕ್ಕದಲ್ಲಿ ದೂರದ ದಾಯಾದಿಗಳು.

ಅರಬರ ಮೂಲಕ ಆಟ ಸ್ಪೇನ್, ಇಟಲಿಗಳಿಗೆ ಹೋಯಿತು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಸಿಕ್ಕಿರುವ, ಹತ್ತನೆಯ ಶತಮಾನದ ಕೊನೆಯದೆಂದು ಗುರುತಿಸಲಾದ ಲ್ಯಾಟಿನ್ ಪದ್ಯ ಯುರೋಪಿನಲ್ಲಿ ಚದುರಂಗದ ಬಗ್ಗೆ ದೊರೆತ ಅತ್ಯಂತ ಹಳೆಯ ಬರಹಗಳಲ್ಲೊಂದು. ಲ್ಯಾಟಿನ್ ನಾಲಿಗೆಗೆ ‘ಶ’ಕಾರವೂ ಕೊನೆಯ ‘ಹ’ಕಾರವೂ ಒಗ್ಗಲಿಲ್ಲ, ‘ಶಾಹ್’ ಅಲ್ಲಿ ‘ಸ್ಕಾಕಸ್’ ಆಯಿತು. ಹಳೆಯ ಫ್ರೆಂಚಿಗೆ ಬರುವಾಗ ಮೊದಲಿಗೆ ಒಂದು ಎಕಾರ ಸೇರಿಕೊಂಡು ‘ಎಸ್ಚೆಕ್’ ಆಯಿತು. ಈ ಎಕಾರ ಎಲ್ಲಿಂದ ಬಂತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಕೂಲನ್ನು ‘ಇಸ್ಕೂಲು’, ಸ್ಟೇಷನ್ನನ್ನು ‘ಇಸ್ಟೇಷನ್ನು’ ಎನ್ನುವ ಹಳ್ಳಿಯ ಬಾಯಿ ಮಾಡುವ ಕೆಲಸವನ್ನೇ ಫ್ರೆಂಚರ ಬಾಯಿಯೂ ಮಾಡಿತು: ಸಕಾರದ ಒತ್ತಕ್ಷರದಿಂದ ಪದ ಶುರುವಾದರೆ ಮುಂದೊಂದು ಸ್ವರವನ್ನು ಆಸರೆಗೆ ಇಟ್ಟುಕೊಂಡಿತು. ಲ್ಯಾಟಿನ್ನಿನ ‘ಸ್ಕೋಲ’ ಕೂಡ ಹೀಗೆಯೇ ಫ್ರೆಂಚಿನಲ್ಲಿ ‘ಎಸ್ಕೋಲ್’ ಆಗಿ, ಮುಂದೆ ‘ಎಕೋಲ್’ ಆಯಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ಅರಮನೆ, ನ್ಯಾಯಾಲಯಗಳ ಭಾಷೆಯಾಯಿತು, ಅದರೊಂದಿಗೆ ಆಟದ ಮಾತುಗಳೂ ನೆಲೆಸಿದವು. ಇಂಗ್ಲಿಷರ ಬಾಯಲ್ಲಿ ಮೊದಲ ಎಕಾರ ಕಳಚಿಬಿದ್ದು ‘ಚೆಕ್’ ಉಳಿಯಿತು. ‘ಎಸ್ಚೆಕ್’ನ ಬಹುವಚನ ‘ಎಸ್ಚೆಸ್’. ಅದೂ ತಲೆ ಕಳಕೊಂಡು ‘ಚೆಸ್’ ಆಯಿತು. ಅಂದರೆ ಇಡೀ ಆಟದ ಇಂಗ್ಲಿಷ್ ಹೆಸರು ವ್ಯಾಕರಣದ ದೃಷ್ಟಿಯಿಂದ ‘ಚೆಕ್ಕುಗಳು’ ಎಂದಷ್ಟೇ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ ಕಾವ್ಯಗಳಲ್ಲಿ ಚೆಕ್, ಮೇಟ್ ಎಂಬ ಮಾತುಗಳನ್ನು ರೂಪಕವಾಗಿಯೇ ಬಳಸಿದ್ದಾನೆ. ಅಷ್ಟರಲ್ಲಾಗಲೇ ಪದ ಮಣೆಯಿಂದ ಹೊರಗೆ ಕಾಲಿಟ್ಟಿತ್ತು.

ತಡೆಯುವ ಚೆಕ್

ಹೊರಬಂದ ಪದ ಎರಡು ದಾರಿ ಹಿಡಿಯಿತು. ಒಂದು, ರಾಜನಿಗೆ ಬಂದ ಅಪಾಯದಿಂದ ಹೊರಟದ್ದು. ಇನ್ನೊಂದು, ಮಣೆಯ ಚೌಕಗಳಿಂದ ಹೊರಟದ್ದು. ಈಗಿನ ಅರ್ಥಗಳಲ್ಲಿ ಹೆಚ್ಚಿನವು ಇವೆರಡರಲ್ಲಿ ಒಂದಕ್ಕೆ ಸೇರುತ್ತವೆ. ಬ್ಯಾಂಕಿನ ಚೆಕ್ಕಿನಲ್ಲಿ ಮಾತ್ರ ಎರಡೂ ಕೂಡಿಕೊಂಡಿವೆ.

ರಾಜನಿಗೆ ಚೆಕ್ ಬಿದ್ದ ಗಳಿಗೆಯಲ್ಲಿ ಎದುರಾಳಿ ತಾನು ಹೂಡಿದ್ದ ಹಂಚಿಕೆಗಳನ್ನೆಲ್ಲ ಅಲ್ಲಿಗೇ ಬಿಡಬೇಕಾಗುತ್ತದೆ. ಮುಂದಿನ ನಡೆಯಲ್ಲಿ ಮಂತ್ರಿಯನ್ನೇ ಗೆಲ್ಲುವಂತಿದ್ದರೂ ಮೊದಲು ರಾಜನನ್ನು ಪಾರುಮಾಡಬೇಕು. ಅವನನ್ನು ಸರಿಸಬೇಕು, ಇಲ್ಲವೇ ನಡುವೆ ಒಂದು ಕಾಯಿ ಅಡ್ಡ ಇಡಬೇಕು, ಇಲ್ಲವೇ ಗುರಿಯಿಟ್ಟ ಕಾಯಿಯನ್ನೇ ಹೊಡೆಯಬೇಕು. ನಾಲ್ಕನೆಯ ದಾರಿಯಿಲ್ಲ. ಓಡುತ್ತಿದ್ದದ್ದು ಥಟ್ಟನೆ ನಿಲ್ಲುವ ಈ ಅನುಭವದಿಂದಲೇ ‘ತಡೆ’, ‘ಹಿಡಿತ’ ಎಂಬ ಅರ್ಥ ಹುಟ್ಟಿತು. ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಮುನ್ನುಗ್ಗುವ ಯಾವುದನ್ನಾದರೂ ತಡೆಹಿಡಿಯುವುದಕ್ಕೆ ‘ಚೆಕ್’ ಎನ್ನುವ ಬಳಕೆ ಕಾಣುತ್ತದೆ. ಸಿಟ್ಟನ್ನು ಹತೋಟಿಯಲ್ಲಿಡುವುದೂ, ಶತ್ರುಸೇನೆಯನ್ನು ಗಡಿಯಲ್ಲಿ ನಿಲ್ಲಿಸುವುದೂ, ರೋಗ ಹರಡದಂತೆ ನೋಡಿಕೊಳ್ಳುವುದೂ ಚೆಕ್ ಆದವು. ಐಸ್ ಹಾಕಿ ಆಟದಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆಯನ್ನು ಒಯ್ಯುವವನಿಗೆ ಮೈಯಿಂದಲೇ ಡಿಕ್ಕಿ ಹೊಡೆದು ನಿಲ್ಲಿಸುವುದಕ್ಕೂ ಇದೇ ಹೆಸರು.

ಕರ್ನಾಟಕದಲ್ಲಿ ಈ ಅರ್ಥದ ಚೆಕ್ ಅನ್ನು ಕಣ್ಣಾರೆ ಕಾಣಬೇಕೆಂದರೆ ಹಳ್ಳದ ದಂಡೆಗೆ ಹೋಗಬೇಕು. ಚೆಕ್ ಡ್ಯಾಂ ಎಂದರೆ ಪರೀಕ್ಷಿಸುವ ಅಣೆಕಟ್ಟಲ್ಲ, ತಡೆಯುವ ಅಣೆಕಟ್ಟು. ಕನ್ನಡದ ‘ತಡೆಯಣೆ’ ಅದಕ್ಕೆ ನೇರವಾಗಿ ಹೊಂದುವ ಹೆಸರು. ದೊಡ್ಡ ಜಲಾಶಯದಂತೆ ನೀರನ್ನು ಕೂಡಿಟ್ಟು ಕಾಲುವೆಗೆ ಹರಿಸುವುದು ಅದರ ಮುಖ್ಯ ಕೆಲಸವಲ್ಲ. ಮಳೆಗಾಲದಲ್ಲಿ ಮಣ್ಣನ್ನು ಕೊಚ್ಚಿಕೊಂಡು ಓಡುವ ನೀರಿನ ವೇಗವನ್ನು ಅದು ಮುರಿಯುತ್ತದೆ. ವೇಗ ಕುಗ್ಗಿದ ನೀರು ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ, ನಿಂತಷ್ಟು ದಿನ ನೆಲಕ್ಕೆ ಇಂಗುತ್ತದೆ, ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರು ಮಳೆ ಹಿಂದಾದ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣಿನಲ್ಲಿ ಹಾಕುವ ‘ಕಟ್ಟ’ಗಳು ಇದೇ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿವೆ. ಸರ್ಕಾರಿ ಯೋಜನೆಗಳ ಕಾಗದಪತ್ರಗಳಲ್ಲಿ ಚೆಕ್ ಡ್ಯಾಂ ಎಂಬ ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಅದರ ಹಿಂದಿನ ತಿಳಿವಳಿಕೆ ಇಲ್ಲಿತ್ತು. ಅದನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ.

ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಬರುವ ‘ನಿಯಂತ್ರಣ ಮತ್ತು ಸಮತೋಲನ’ ಎಂಬ ಜೋಡಿಯಲ್ಲೂ ಮೊದಲನೆಯದು ಇದೇ ಚೆಕ್. ಅಧಿಕಾರವನ್ನು ಅಧಿಕಾರವೇ ತಡೆಯಬೇಕು ಎಂಬ ವಿಚಾರವನ್ನು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರ ತನ್ನ ಗ್ರಂಥದಲ್ಲಿ ಮಂಡಿಸಿದ. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದಲ್ಲಿ ಅದು ಆಚರಣೆಗೆ ಬಂತು. ಶಾಸಕಾಂಗ ಒಪ್ಪಿದ ಮಸೂದೆಯನ್ನು ಅಧ್ಯಕ್ಷ ವೀಟೊ ಮಾಡಬಹುದು, ಮೂರನೇ ಎರಡರಷ್ಟು ಬಹುಮತದಿಂದ ಶಾಸಕಾಂಗ ಆ ವೀಟೊವನ್ನು ಬದಿಗೆ ಸರಿಸಬಹುದು. ಯಾರೊಬ್ಬರೂ ತಡೆಯಿಲ್ಲದೆ ನುಗ್ಗಬಾರದು ಎಂಬುದೇ ಇಲ್ಲಿಯ ಮೂಲಸೂತ್ರ.

ಲೆಕ್ಕದ ಮೇಜು

ಎರಡನೆಯ ದಾರಿ ಇದಕ್ಕಿಂತ ರೋಚಕ. ಚದುರಂಗದ ಮಣೆಗೆ ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆ’ ಎಂಬ ಹೆಸರಿತ್ತು. ಹನ್ನೆರಡನೆಯ ಶತಮಾನದ ಆದಿಯಲ್ಲಿ, ಒಂದನೆಯ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನ ರಾಜಭಂಡಾರದ ಲೆಕ್ಕ ಒಪ್ಪಿಸುವ ಮೇಜಿಗೂ ಅದೇ ಹೆಸರು ಬಂತು, ಕ್ರಮೇಣ ಆ ಇಲಾಖೆಗೇ ಅಂಟಿಕೊಂಡಿತು. ಈ ಮೇಜಿನ ಕೆಲಸಕಾರ್ಯವನ್ನು ಅದರೊಳಗಿದ್ದವನೇ ಬರೆದಿಟ್ಟಿದ್ದಾನೆ. ರಾಜನ ಖಜಾಂಚಿಯಾಗಿದ್ದು ಮುಂದೆ ಲಂಡನ್ನಿನ ಬಿಷಪ್ ಆದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ, ಗುರುಶಿಷ್ಯರ ಸಂವಾದದ ರೂಪದಲ್ಲಿ ಲ್ಯಾಟಿನ್ ಗ್ರಂಥವೊಂದನ್ನು ರಚಿಸಿದ. ಸರ್ಕಾರಿ ಕಚೇರಿಯೊಂದು ಹೇಗೆ ನಡೆಯುತ್ತಿತ್ತು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ಆ ಕಾಲದ ಯುರೋಪಿನಲ್ಲಿ ಅಪರೂಪ.

ಮೇಜಿನ ಉದ್ದ ಸುಮಾರು 10 ಅಡಿ, ಅಗಲ 5 ಅಡಿ. ಇಟ್ಟದ್ದು ಉರುಳಿ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆಗಳಿದ್ದ ಕಪ್ಪು ಬಟ್ಟೆ. ಗೆರೆಯಿಂದ ಗೆರೆಗೆ ಒಂದು ಅಡಿಯ ಅಥವಾ ಒಂದು ಗೇಣಿನ ಅಂತರ. ಹೀಗೆ ಬಿದ್ದ ಮನೆಗಳಲ್ಲಿ ಒಂದು ಸಾಲು ಪೆನ್ನಿಗಳಿಗೆ, ಪಕ್ಕದ್ದು ಷಿಲಿಂಗಿಗೆ, ಅದರಾಚೆಯದು ಪೌಂಡಿಗೆ, ಮುಂದೆ ಇಪ್ಪತ್ತು, ನೂರು, ಸಾವಿರ ಪೌಂಡುಗಳಿಗೆ. ವರ್ಷಕ್ಕೆ ಎರಡು ಬಾರಿ, ಈಸ್ಟರ್ ಹಬ್ಬದ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬದ ಹೊತ್ತಿಗೆ, ಸೀಮೆ ಸೀಮೆಗಳ ಷೆರಿಫರು ತಾವು ವಸೂಲು ಮಾಡಿದ ಹಣದ ಲೆಕ್ಕ ಒಪ್ಪಿಸಲು ಇಲ್ಲಿಗೆ ಬರಬೇಕಿತ್ತು. ಕಟ್ಟಬೇಕಾದ ಮೊತ್ತವನ್ನು ಬಿಲ್ಲೆಗಳಿಂದ ಮೇಲೆ ಜೋಡಿಸಿ, ಕಟ್ಟಿದ ಮೊತ್ತವನ್ನು ಕೆಳಗೆ ಜೋಡಿಸಿ, ಒಂದರಿಂದ ಒಂದನ್ನು ಕಳೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಕೂಡುವುದು ಕಳೆಯುವುದು ಬಲು ಕಷ್ಟ, ಅಕ್ಷರ ಬಾರದವರಿಗಂತೂ ಅಸಾಧ್ಯ. ಬಿಲ್ಲೆಗಳ ಲೆಕ್ಕವನ್ನಾದರೆ ಸುತ್ತ ಕುಳಿತ ಎಲ್ಲರೂ ನೋಡಬಹುದಿತ್ತು. ಮೇಜಿನ ಒಂದು ಕಡೆ ಖಜಾಂಚಿ, ಎದುರಿಗೆ ಷೆರಿಫ್. ಇದು ಇಬ್ಬರ ನಡುವಿನ ಚದುರಂಗದ ಕಾಳಗದಂತೆಯೇ ಎಂಬ ಹೋಲಿಕೆಯನ್ನು ಫಿಟ್ಸ್‌ನೀಲನೇ ಮಾಡಿದ್ದಾನೆ.

ಫ್ರೆಂಚಿನ ‘ಎಸ್’ ಅನ್ನು ಲ್ಯಾಟಿನ್ನಿನ ‘ಎಕ್ಸ್’ ಎಂದು ಪಂಡಿತರು ತಪ್ಪಾಗಿ ತಿಳಿದದ್ದರಿಂದ ಮೇಜಿನ ಹೆಸರು ‘ಎಕ್ಸ್‌ಚೆಕರ್’ ಎಂದು ತಿದ್ದಲ್ಪಟ್ಟಿತು. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಕರೆಯುತ್ತಾರೆ. ಬೆಂಗಳೂರಿನ ಅಳಿಯ ರಿಷಿ ಸುನಕ್ ಪ್ರಧಾನಿಯಾಗುವ ಮೊದಲು, 2020ರಿಂದ 2022ರವರೆಗೆ, ಹೊತ್ತಿದ್ದ ಹುದ್ದೆ ಅದೇ. ಬ್ರಿಟಿಷ್ ಪ್ರಧಾನಿಯ ಹಳ್ಳಿಮನೆ ‘ಚೆಕರ್ಸ್’ಗೂ ಈ ಮೇಜಿಗೂ ನಂಟು ಕಲ್ಪಿಸಲಾಗಿದೆ, ಹನ್ನೆರಡನೆಯ ಶತಮಾನದಲ್ಲಿ ಆ ಜಾಗದ ಒಡೆಯನಾಗಿದ್ದವನು ಎಕ್ಸ್‌ಚೆಕರಿನ ದ್ವಾರಪಾಲಕನಾಗಿದ್ದ ಎಂಬುದು ಪ್ರಚಲಿತ ವಿವರಣೆ.

ಮೇಜಿನ ಪಕ್ಕದಲ್ಲಿ ಇನ್ನೊಂದು ಉಪಕರಣವಿತ್ತು: ಹೇಜಲ್ ಮರದ ಕಡ್ಡಿ. ಹಣ ಕಟ್ಟಿದವನಿಗೆ ರಸೀತಿಯಾಗಿ ಕೊಡುತ್ತಿದ್ದದ್ದು ಇದನ್ನೇ. ಮೊತ್ತವನ್ನು ಕಡ್ಡಿಯ ಮೇಲೆ ಕಚ್ಚು ಹಾಕಿ ಗುರುತಿಸುತ್ತಿದ್ದರು. ಕಚ್ಚು ಎಷ್ಟು ಅಗಲವೋ ಮೊತ್ತ ಅಷ್ಟು ದೊಡ್ಡದು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿಕಾಳಿನಷ್ಟು. ಪೆನ್ನಿಗೆ ಮರವನ್ನು ತೆಗೆಯದೆ ಬರಿಯ ಒಂದು ಗೀರು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಒಂದು ಸೀಳನ್ನು ಹಣ ಕೊಟ್ಟವನು, ಇನ್ನೊಂದನ್ನು ಖಜಾನೆ ಇಟ್ಟುಕೊಳ್ಳುತ್ತಿದ್ದರು. ಮುಂದೆಂದಾದರೂ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು. ಕಚ್ಚುಗಳು ಮಾತ್ರವಲ್ಲ, ಮರದ ನಾರೂ ತಾಳೆಯಾಗಬೇಕು. ಒಂದು ಸೀಳಿನಲ್ಲಿ ಕಳ್ಳ ಕಚ್ಚು ಹಾಕಿದವನು ಸಿಕ್ಕಿಬೀಳದೆ ಇರುತ್ತಿರಲಿಲ್ಲ. ಖಜಾನೆಯ ಸೀಳಿಗೆ ‘ಫಾಯಿಲ್’ ಎಂದು ಹೆಸರು; ಚೆಕ್ ಬುಕ್ಕಿನಲ್ಲಿ, ರಸೀತಿ ಪುಸ್ತಕದಲ್ಲಿ ಉಳಿಯುವ ‘ಕೌಂಟರ್‌ಫಾಯಿಲ್’ ಪದದ ಎರಡನೆಯ ಭಾಗದಲ್ಲಿ ಆ ಹೆಸರು ಇನ್ನೂ ಕೇಳಿಸುತ್ತದೆ. ಈ ಕಡ್ಡಿಗಳ ಪದ್ಧತಿ 1826ರವರೆಗೆ ಜೀವಂತವಾಗಿತ್ತು. ಬೇಡವಾದ ಕಡ್ಡಿಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಸಂಸತ್ ಭವನದ ಒಲೆಗಳಲ್ಲಿ ಸುಡುತ್ತಿದ್ದಾಗ ಹೊಗೆಗೂಡುಗಳು ಮಿತಿಮೀರಿ ಕಾದು ಬೆಂಕಿ ಹೊತ್ತಿಕೊಂಡು, ವೆಸ್ಟ್‌ಮಿನ್‌ಸ್ಟರ್ ಅರಮನೆಯ ಬಹುಭಾಗ ಬೂದಿಯಾಯಿತು. ಥೇಮ್ಸ್ ನದಿಯ ದಂಡೆಯಲ್ಲಿ ಇಂದು ಕಾಣುವ ಸಂಸತ್ ಭವನ ಆಮೇಲೆ ಕಟ್ಟಿದ್ದು.

ತಾಳೆ ನೋಡುವುದು

ತಪಾಸಣೆ, ಪರಿಶೀಲನೆ ಎಂಬ ಅರ್ಥ ಚೆಕ್ ಪದಕ್ಕೆ ತಡವಾಗಿ ಬಂತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ತಡೆಯುವ ಅರ್ಥದಿಂದ ಇಲ್ಲಿಗೆ ಒಂದೇ ಹೆಜ್ಜೆ. ಲೆಕ್ಕ ಬರೆಯುವವನು ಮೋಸ ಮಾಡದಂತೆ ತಡೆಯುವ ಬಗೆ ಯಾವುದು? ಅದೇ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆಯವರ ಕೈಯಲ್ಲಿಟ್ಟು, ಎರಡನ್ನೂ ತಾಳೆ ನೋಡುವುದು. ಮೊದಲು ಮೋಸಕ್ಕೆ ಹಾಕಿದ ತಡೆಗೆ ಚೆಕ್ ಎಂದರು, ಆಮೇಲೆ ತಾಳೆ ನೋಡುವ ಕೆಲಸಕ್ಕೇ ಆ ಹೆಸರಾಯಿತು. ಇಂದು ಪದದ ಅತ್ಯಂತ ಬಳಕೆಯ ಅರ್ಥ ಇದೇ. ಕನ್ನಡದಲ್ಲಿ ‘ಚೆಕ್ ಮಾಡು’ ಎಂಬುದು ಪರೀಕ್ಷಿಸು, ಪರಿಶೀಲಿಸು, ಒರೆಹಚ್ಚು, ತಾಳೆ ನೋಡು, ಕೈಯಾಡಿಸಿ ನೋಡು ಎಂಬ ಎಷ್ಟೋ ಸೂಕ್ಷ್ಮ ವ್ಯತ್ಯಾಸದ ಮಾತುಗಳ ಜಾಗದಲ್ಲಿ ಕುಳಿತಿದೆ. ಅನುಕೂಲವಾದ ಮಾತು, ನಿಜ. ಆದರೆ ಚಿನ್ನವನ್ನು ಒರೆಹಚ್ಚುವುದೂ ಬಾಗಿಲು ಹಾಕಿದೆಯೇ ಎಂದು ನೋಡುವುದೂ ಒಂದೇ ಮಾತಿನಲ್ಲಿ ಮುಗಿದುಹೋದಾಗ ಭಾಷೆ ಸ್ವಲ್ಪ ಬಡವಾಗುತ್ತದೆ.

ಚೆಕ್‌ಪೋಸ್ಟಿನಲ್ಲಿ ತಡೆ, ತಪಾಸಣೆ ಎರಡೂ ಒಟ್ಟಿಗೆ ಇವೆ: ಅಡ್ಡಗಟ್ಟೆ ಇಳಿಸಿ ವಾಹನವನ್ನು ನಿಲ್ಲಿಸುವುದು ಮೊದಲ ಅರ್ಥ, ಡಿಕ್ಕಿ ತೆರೆಸಿ ನೋಡುವುದು ಎರಡನೆಯದು. ಬರ್ಲಿನ್ ಗೋಡೆಯ ‘ಚೆಕ್‌ಪಾಯಿಂಟ್ ಚಾರ್ಲಿ’ಯೂ ಇದೇ ಜಾತಿಯದು, ಪಶ್ಚಿಮದ ಸೇನೆಗಳ ಮೂರನೆಯ ತಪಾಸಣಾ ಠಾಣೆಯಾದ್ದರಿಂದ, ರೇಡಿಯೋ ಸಂಕೇತದಲ್ಲಿ ‘ಸಿ’ ಅಕ್ಷರವನ್ನು ಸೂಚಿಸುವ ಚಾರ್ಲಿ ಎಂಬ ಹೆಸರು ಅದಕ್ಕೆ ಬಂತು.

ಚೆಕ್‌ಲಿಸ್ಟಿಗೆ ಇಂದಿನ ಮಹತ್ವ ಬಂದದ್ದು ಒಂದು ದುರಂತದಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ರಾಜ್ಯದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಬಾಂಬರ್ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿತ್ತು, ಚಾಲಕ ಮೇಜರ್ ಪ್ಲಾಯರ್ ಹಿಲ್ ಸೇರಿ ಇಬ್ಬರು ಸತ್ತರು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತಾಗ ಗಾಳಿಗೆ ಅಲುಗದಂತೆ ಬಾಲದ ಭಾಗಗಳಿಗೆ ಹಾಕಿದ್ದ ಬೀಗವನ್ನು ಹಾರುವ ಮೊದಲು ತೆಗೆದಿರಲಿಲ್ಲ, ಅಷ್ಟೇ. ಅನುಭವಿ ಚಾಲಕನ ನೆನಪೂ ಕೈಕೊಡಬಹುದೆಂದು ಮನಗಂಡು, ಹಾರುವ ಮೊದಲು, ಹಾರುವಾಗ, ಇಳಿಯುವ ಮೊದಲು ನೋಡಬೇಕಾದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡಲಾಯಿತು. ಅದೇ ವಿಮಾನ ಮುಂದೆ ಬಿ-17 ಎಂದು ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧವಾಯಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು ಹೊರತಂದ 19 ಅಂಶಗಳ ಪಟ್ಟಿಯೂ ಇದೇ ತತ್ವದ್ದು: ರೋಗಿ ಇವರೇ ತಾನೇ, ಕೊಯ್ಯಬೇಕಾದ ಜಾಗ ಇದೇ ತಾನೇ, ಒಳಗಿಟ್ಟ ಹತ್ತಿಯ ಬಟ್ಟೆಗಳೆಲ್ಲ ಹೊರಬಂದವೇ ಎಂದು ಗಟ್ಟಿಯಾಗಿ ಕೇಳಿ ಉತ್ತರ ಪಡೆಯಬೇಕು.

ತಾಳೆ ನೋಡುವ ಕೆಲಸವನ್ನು ಈಗ ಅಂಕಿಗಳೂ ಮಾಡುತ್ತವೆ. ಹೊಸ ಪುಸ್ತಕಗಳ ಹಿಂಬದಿಯಲ್ಲಿರುವ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯಲ್ಲಿ ಕೊನೆಯದು ‘ಚೆಕ್ ಡಿಜಿಟ್’, ಅಂದರೆ ಕಾವಲಿನ ಅಂಕಿ. ಎಡದಿಂದ ಒಂದು ಅಂಕಿಯನ್ನು 1ರಿಂದ, ಮುಂದಿನದನ್ನು 3ರಿಂದ, ಮತ್ತೆ 1ರಿಂದ, ಮತ್ತೆ 3ರಿಂದ ಗುಣಿಸುತ್ತ ಹೋಗಿ ಎಲ್ಲವನ್ನೂ ಕೂಡಿದರೆ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಾಗಾಗುವಂತೆಯೇ ಕೊನೆಯ ಅಂಕಿಯನ್ನು ಆರಿಸಿರುತ್ತಾರೆ. ನಡುವೆ ಯಾವುದಾದರೂ ಒಂದು ಅಂಕಿಯನ್ನು ತಪ್ಪಾಗಿ ಒತ್ತಿದರೆ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರು ಅಲ್ಲಿಗೇ ತಡೆಯುತ್ತದೆ. ಆಧಾರ್ ಸಂಖ್ಯೆಯ 12ನೆಯ ಅಂಕಿಯೂ ಇಂಥದೇ. ಅದರ ಗಣಿತ ಮಾತ್ರ ಇನ್ನೂ ಜಟಿಲ.

ಹಣದ ಚೆಕ್ಕು

ಬ್ಯಾಂಕಿಗೆ ಬರೆದುಕೊಡುವ ಆದೇಶ ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗಕ್ಕೇ ಇತ್ತು. ಆದರೆ ಆಗ ಅದನ್ನು ಚೆಕ್ ಎನ್ನುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಎಕ್ಸ್‌ಚೆಕರಿನ ಹುಂಡಿಗಳಿಗೆ ಸಂಬಂಧಿಸಿ ‘ಚೆಕ್’ ಎಂಬ ಮಾತು ಬಂದಾಗ ಅದು ಹಣ ಕೊಡಿಸುವ ಹಾಳೆಯನ್ನು ಹೇಳುತ್ತಿರಲಿಲ್ಲ, ಕಚೇರಿಯಲ್ಲಿ ಉಳಿಯುವ ಕೌಂಟರ್‌ಫಾಯಿಲನ್ನು ಹೇಳುತ್ತಿತ್ತು. ಮೊತ್ತವನ್ನು ಯಾರಾದರೂ ತಿದ್ದಿದರೆ ತಾಳೆ ನೋಡಿ ತಡೆಯಲು ಇದ್ದ ಸಾಧನ ಅದು. ಅಂಥ ಚೆಕ್ ಉಳ್ಳ ಹಾಳೆಗೇ ಕೊನೆಗೆ ಆ ಹೆಸರು ದಾಟಿಕೊಂಡಿತು. ಕಾವಲುಗಾರನ ಹೆಸರು ಕಾಯುವ ವಸ್ತುವಿಗೆ ಬಂದಂತಾಯಿತು. ಮುಂದೆ ಎಕ್ಸ್‌ಚೆಕರಿನ ಕಾಗುಣಿತವನ್ನು ಅನುಸರಿಸಿ ಬ್ರಿಟನ್ನಿನಲ್ಲಿ ಕೊನೆಗೆ ‘ಕ್ಯು ಯು ಇ’ ಅಕ್ಷರಗಳನ್ನು ಸೇರಿಸಿ ಬರೆಯುವುದು ರೂಢಿಯಾಯಿತು. ಅಮೆರಿಕದವರು ಹಳೆಯ ರೂಪವನ್ನೇ ಉಳಿಸಿಕೊಂಡರು. ತಡೆಯ ದಾರಿ, ಚೌಕದ ದಾರಿ ಇಲ್ಲಿ ಕೂಡಿದ್ದು ಹೀಗೆ: ಅರ್ಥ ತಡೆಯಿಂದ ಬಂತು, ಕಾಗುಣಿತ ಮೇಜಿನಿಂದ ಬಂತು.

ಭಾರತದಲ್ಲಿ ಚೆಕ್ಕಿನ ಕಾನೂನು ಇಂದಿಗೂ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯೇ. ದೇಶೀ ಭಾಷೆಗಳಲ್ಲಿ ಬರೆದ ಹುಂಡಿಗಳ ಸ್ಥಳೀಯ ರೂಢಿಯನ್ನು ಆ ಕಾಯ್ದೆ ತನ್ನ ಮೊದಲ ಕಲಮಿನಲ್ಲೇ ಕಾಪಾಡಿದ್ದು ಗಮನಾರ್ಹ. ಎಡ ಮೇಲ್ಮೂಲೆಯಲ್ಲಿ ಎಳೆಯುವ ಎರಡು ಓರೆಗೆರೆಗಳಿಗೆ ಬಲ ಕೊಡುವುದು ಅದರ 123ನೆಯ ಕಲಮು. ಆ ಗೆರೆಗಳು ಬಿದ್ದ ಚೆಕ್ಕಿಗೆ ಕೌಂಟರಿನಲ್ಲಿ ನಗದು ಸಿಗದು, ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. ಇದನ್ನು ಜನ ‘ಕ್ರಾಸ್ ಚೆಕ್’ ಎನ್ನುತ್ತಾರೆ. ಸುದ್ದಿಯೊಂದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದಕ್ಕೂ ಕನ್ನಡದಲ್ಲಿ ‘ಕ್ರಾಸ್ ಚೆಕ್’ ಎಂದೇ ಹೇಳುವುದರಿಂದ ಎರಡು ಬೇರೆ ಮಾತುಗಳು ಇಲ್ಲಿ ಒಂದೇ ವೇಷದಲ್ಲಿವೆ.

1988ರ ತಿದ್ದುಪಡಿ ಸೇರಿಸಿದ, 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ 138ನೆಯ ಕಲಮು ಚೆಕ್ ಬೌನ್ಸ್ ಆಗುವುದನ್ನು ಅಪರಾಧವಾಗಿಸಿತು. ಹಣ ಬರಬೇಕಾದವರು 30 ದಿನದೊಳಗೆ ನೋಟಿಸು ಕೊಡಬೇಕು, ಚೆಕ್ ಕೊಟ್ಟವರಿಗೆ ಹಣ ಕಟ್ಟಲು 15 ದಿನದ ಅವಕಾಶ ಸಿಗುತ್ತದೆ. ಆಮೇಲೂ ಕಟ್ಟದಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ದುಪ್ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಚೆಕ್ಕಿನ ಆಯುಷ್ಯ ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ಮೂರು ತಿಂಗಳಾಗಿದೆ.

ಚೆಕ್ಕಿನ ಕೆಳ ಅಂಚಿನ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳಿರುತ್ತವೆ. ಅವನ್ನು ಕಬ್ಬಿಣದ ಆಕ್ಸೈಡ್ ಬೆರೆತ ಕಾಂತೀಯ ಶಾಯಿಯಲ್ಲಿ ಮುದ್ರಿಸುವುದರಿಂದ, ಮೇಲೆ ಸೀಲು ಬಿದ್ದರೂ ಸಹಿ ಹರಿದರೂ ಯಂತ್ರ ಓದಬಲ್ಲದು. ಮೊದಲ ಆರು ಅಂಕಿ ಚೆಕ್ಕಿನದು. ನಂತರದ ಒಂಬತ್ತರಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಿನ ಚೆಕ್ಕಾದರೆ ಪಿನ್‌ಕೋಡಿನಂತೆ 560ರಿಂದ ಶುರುವಾಗುತ್ತದೆ. ಈಗ ಕ್ಲಿಯರಿಂಗಿಗೆ ಹಾಳೆ ಊರೂರು ಅಲೆಯುವುದೂ ಇಲ್ಲ. ಅದರ ಚಿತ್ರ ಮತ್ತು ಈ ಅಂಕಿಗಳು ಮಾತ್ರ ಹೋಗುತ್ತವೆ. ಚೆಕ್ಕಿನ ನಮೂನೆ ಹಿಂದಿ, ಇಂಗ್ಲಿಷಿನಲ್ಲಿ ಮುದ್ರಿತವಾಗಿದ್ದರೂ ಗ್ರಾಹಕರು ಅದನ್ನು ತಮ್ಮ ಪ್ರದೇಶದ ಭಾಷೆಯಲ್ಲಿ ತುಂಬಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಹೆಸರು, ಮೊತ್ತವನ್ನು ಕನ್ನಡದಲ್ಲಿ ಬರೆದ ಚೆಕ್ಕಿಗೆ ಕರ್ನಾಟಕದ ಯಾವ ಕೌಂಟರಿನಲ್ಲೂ ಕಡಿಮೆ ಬೆಲೆಯಿಲ್ಲ. ಈ ಹಕ್ಕನ್ನು ಬಳಸುವವರು ಹೆಚ್ಚಾಗಬೇಕು.

ಚೌಕಳಿಯ ಬಟ್ಟೆ ಮತ್ತು ಉಳಿದವು

ಬಟ್ಟೆಯ ಚೆಕ್ಸ್ ನೇರವಾಗಿ ಮಣೆಯ ಕಡೆಯದು. ಸುಮಾರು 1400ರ ಹೊತ್ತಿಗೆ ಚೌಕಗಳ ವಿನ್ಯಾಸಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು ಬಂದಿತ್ತು. ಮಗ್ಗದಲ್ಲಿ ಹಾಸಿನ ಎಳೆಗಳಲ್ಲಿ ಬಣ್ಣ ಬದಲಿಸುತ್ತ ಹೋದರೆ ಉದ್ದ ಪಟ್ಟೆ ಬರುತ್ತದೆ, ಹೊಕ್ಕಿನ ಎಳೆಗಳಲ್ಲೂ ಅದೇ ಅಳತೆಯಲ್ಲಿ ಬದಲಿಸಿದರೆ ಚೌಕಳಿ ಮೂಡುತ್ತದೆ. ಎರಡು ಬಣ್ಣ ಒಂದನ್ನೊಂದು ದಾಟುವಲ್ಲಿ ಮೂರನೆಯದೊಂದು ಬಣ್ಣ ಕಾಣುವುದೇ ಅದರ ಚೆಲುವು. ಉಡುಪಿ ಸೀರೆಗಳಲ್ಲಿ, ಇಳಕಲ್ ಸೀರೆಗಳ ಚಿಕ್ಕ ಚೌಕಳಿಗಳಲ್ಲಿ ನೇಕಾರರು ಇದನ್ನು ನಯವಾಗಿ ತೋರಿಸುತ್ತಾರೆ. ಚೆನ್ನೈ ಬಂದರಿನಿಂದ ಹೊರದೇಶಗಳಿಗೆ ಹೋದ ‘ಮದ್ರಾಸ್ ಚೆಕ್ಸ್’ ನೈಜೀರಿಯಾದ ಕಲಬಾರಿ ಜನರಲ್ಲಿ ಹುಟ್ಟು ಸಾವುಗಳ ವಿಧಿಗಳಿಗೂ ಬೇಕಾದ ಬಟ್ಟೆಯಾಯಿತು. ಕರ್ನಾಟಕದ ಕೆರೆ, ಗದ್ದೆಗಳ ನೀರೊಳ್ಳೆ ಹಾವಿನ ಇಂಗ್ಲಿಷ್ ಹೆಸರಿನಲ್ಲೂ ‘ಚೆಕರ್ಡ್’ ಇದೆ. ಮೈಮೇಲಿನ ಕಪ್ಪು ಚೌಕಗಳೇ ಅದಕ್ಕೆ ಕಾರಣ.

ಅಮೆರಿಕದ ಹೋಟೆಲಿನಲ್ಲಿ ಊಟದ ಬಿಲ್ಲೂ ‘ಚೆಕ್’, ಕೋಟು ಕಳಚಿಟ್ಟಾಗ ಕೊಡುವ ಚೀಟಿಯೂ ‘ಚೆಕ್’. ಒಂದು ತುಂಡು ಇವರ ಬಳಿ, ಜೋಡಿ ತುಂಡು ಅವರ ಬಳಿ ಎಂಬ ಹಳೆಯ ಕಡ್ಡಿಯ ಪದ್ಧತಿಯೇ ಇಲ್ಲಿ ಕಾಗದದಲ್ಲಿ ಮುಂದುವರಿದಿದೆ. ವಿಮಾನ ನಿಲ್ದಾಣದ ಬ್ಯಾಗೇಜಿನ ಚೀಟಿಯೂ ಅಂಥದೇ.

ಸಂಬಂಧವಿಲ್ಲದೆ ಹೋಲುವ ಪದಗಳೂ ಇವೆ. ಎಕ್ಸ್‌ಚೆಕರಿಗೂ ವಿನಿಮಯ ಎಂಬ ಅರ್ಥದ ‘ಎಕ್ಸ್‌ಚೇಂಜ್’ಗೂ ಹಣದ ನೆಂಟಸ್ತಿಕೆ ಇದ್ದರೂ ಪದದ ನೆಂಟಸ್ತಿಕೆಯಿಲ್ಲ, ಎರಡನೆಯದು ಬದಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಕನ್ನಡ ಪತ್ರಿಕೆಗಳು ಚೆಕ್ ಗಣರಾಜ್ಯ, ಚೆಕ್ ಆಟಗಾರ್ತಿ ಎಂದು ಬರೆಯುವಾಗ ಅಕ್ಷರದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣದು. ಆದರೆ ಅದು ಸ್ಲಾವ್ ಜನಾಂಗವೊಂದರ ಹೆಸರು, ಅವರ ಐತಿಹ್ಯದ ಮೂಲಪುರುಷ ‘ಚೆಖ್’ನಿಂದ ಬಂದದ್ದೆಂದು ಅವರ ನಂಬಿಕೆ. ಇಂಗ್ಲಿಷರು ಅದನ್ನು ಪೋಲಿಷ್ ಕಾಗುಣಿತದಲ್ಲಿ ಎರವಲು ಪಡೆದರು. ಷಾಹನಿಗೂ ಅವನ ಮಣೆಗೂ ಆ ಪದದಲ್ಲಿ ಪಾಲಿಲ್ಲ.